ನಗೆಗೆ ಬಿಟ್ಟ ಜಾಗ

ನಮ್ಮ ಅಪ್ಪ ಸಿನಿಮಾ ನೋಡುತ್ತಿದ್ದ ರೀತಿಯೇ ಬೇರೆ. ಹಲಸೂರಿನ ಟಾಕೀಸಿನಲ್ಲಿ ಅಮ್ಮನನ್ನೂ ನನ್ನನ್ನೂ ಕೂರಿಸಿ, ನಾಯಕ ನಾಯಕಿ ಮರ ಸುತ್ತಲು ಶುರು ಮಾಡಿದ ಕೂಡಲೇ ಎದ್ದು ಹೊರಗೆ ಹೋಗುತ್ತಿದ್ದರು. ಹೊಡೆದಾಟ ಬಂದರೂ ಹೊರಗೆ, ತಾಯಿ ಕಣ್ಣೀರಿಟ್ಟರೂ ಹೊರಗೆ. ಟಾರ್ಚ್ ಹಿಡಿದು ಸೀಟು ತೋರಿಸುವವನಿಗೆ ಮೊದಲೇ ಹೇಳಿಟ್ಟಿರುತ್ತಿದ್ದರು, "ಕಾಮಿಡಿ ಬಂದಾಗ ಕರಿ ಗುರು." ಅವನು ಬಾಗಿಲು ಸರಿಸಿ ಕೈಸನ್ನೆ ಮಾಡಿದರೆ ಸಾಕು, ಅಪ್ಪ ಅರ್ಧ ಕುಡಿದ ಟೀ ಬಿಟ್ಟು ಓಡಿ ಬರುತ್ತಿದ್ದರು. ಮನೆಗೆ ಬಂದಮೇಲೆ ಕಥೆ ಏನೆಂದು ನಾವು ಅವರಿಗೆ ಹೇಳಬೇಕಿತ್ತು.

ಹಾಗೆ ಓಡಿ ಬಂದು ಕೂತವರು ನಗುತ್ತಿದ್ದರಲ್ಲ, ಅದು ಇನ್ನೊಂದು ಪ್ರದರ್ಶನ. ಮೊದಲು ಮೂಗಿನಲ್ಲಿ ಗೊರಕೆಯಂಥ ಒಂದು ಸದ್ದು. ಆಮೇಲೆ ಉಸಿರು ಒಳಗೆಳೆದುಕೊಂಡು ಒಂದು ಕ್ಷಣ ಏನೂ ಇಲ್ಲ. ಸತ್ತೇ ಹೋದರೇನೋ ಎಂದು ಪಕ್ಕದವರು ತಿರುಗಿ ನೋಡುವಷ್ಟರಲ್ಲಿ ಕುಕ್ಕರ್ ಕೂಗಿದಂಥ ಒಂದು ಕೇಕೆ. ಅಪ್ಪ ಕೆಲಸ ಮಾಡುತ್ತಿದ್ದ ಸರ್ಕಾರಿ ಕಾರ್ಖಾನೆಯಲ್ಲಿ, ಇವರ ಶಿಫ್ಟಿಗೆ ಸೈರನ್ನೇ ಬೇಡ ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರಂತೆ.

ನಾನು ಹುಟ್ಟಿದಾಗ ಅಮ್ಮನ ಮೂಗು ಬರಲಿ, ಅಮ್ಮನ ಬಣ್ಣ ಬರಲಿ ಎಂದು ನೆಂಟರೆಲ್ಲ ಹಾರೈಸಿದ್ದರಂತೆ. ಬಂದದ್ದು ಅಪ್ಪನ ನಗು. ಗೊರಕೆ, ಮೌನ, ಕೇಕೆ, ಮೂರೂ ಇದ್ದ ಹಾಗೇ ಬಂದವು. ಗಂಡಸಿನ ಬಾಯಲ್ಲಿ ಅದು ಊರಿಗೆಲ್ಲ ಇಷ್ಟವಾಗುವ ಗುಣ. ಹೆಣ್ಣಿನ ಬಾಯಲ್ಲಿ ಮಾತ್ರ ಅದಕ್ಕೆ ಔಷಧಿ ಹುಡುಕಬೇಕು. ಈ ಲೆಕ್ಕಾಚಾರ ನನಗೆ ಆಗಲೂ ಅರ್ಥವಾಗಿರಲಿಲ್ಲ, ಈಗಲೂ ಇಲ್ಲ.

ಕೆ.ಆರ್. ಪುರಂ ಕಡೆಯವರೊಬ್ಬರು ನನ್ನನ್ನು ನೋಡಲು ಬಂದ ದಿನ ಆ ಲೆಕ್ಕ ಬಯಲಿಗೆ ಬಂತು. ಹುಡುಗನ ಸೋದರಮಾವ ಬಹಳ ಗತ್ತಿನ ಮನುಷ್ಯ. ನಮ್ಮ ಮನೆಯ ಬೆತ್ತದ ಕುರ್ಚಿಯ ನಡುವಿನ ಹೆಣಿಗೆ ಸಡಿಲವಾಗಿದ್ದದ್ದು ನಮಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. "ನಮ್ಮ ವಂಶದಲ್ಲಿ ಯಾರೂ ತಲೆ ತಗ್ಸಿದವ್ರಲ್ಲ" ಎನ್ನುತ್ತಾ ಹಿಂದಕ್ಕೆ ಒರಗಿದರು. ಕುರ್ಚಿ ಅವರನ್ನು ಸೊಂಟದವರೆಗೆ ನುಂಗಿತು. ಮೊಣಕಾಲು ಮೂಗಿಗೆ ತಗಲಿದ ಸ್ಥಿತಿಯಲ್ಲೂ ಅವರು ಮಾತು ನಿಲ್ಲಿಸಲಿಲ್ಲ. ನಾನು ಕಾಫಿ ತಟ್ಟೆ ಹಿಡಿದು ನಿಂತಿದ್ದೆ. ಗೊರಕೆ ಬಂತು, ಮೌನ ಬಂತು, ಆಮೇಲೆ ಕಾಫಿ ಪೂರ್ತಿ ಮಾವನವರ ಮೇಲೆ ಹೋಯಿತು. ಮೂರು ದಿನ ಬಿಟ್ಟು ಹೇಳಿ ಕಳಿಸಿದರು: ಹುಡುಗಿ ಲಕ್ಷಣವಾಗಿದ್ದಾಳೆ, ಕೆಲಸವೂ ಒಳ್ಳೆಯದೇ, ಆದರೆ ನಗು ಸ್ವಲ್ಪ ನೋಡಿಕೊಳ್ಳಬೇಕಿತ್ತು.

ಅಮ್ಮ ಅವತ್ತೇ ಕಟ್ಟಪ್ಪಣೆ ಹೊರಡಿಸಿದರು. "ಇನ್ಮೇಲೆ ಜನದ ಮುಂದೆ ಬಾಯಿ ಬಿಟ್ಟು ನಗ್ಬಾರ್ದು. ತುಟಿ ಅಷ್ಟೇ. ತೀರಾ ತಡ್ಯಕ್ಕಾಗ್ಲಿಲ್ಲ ಅಂದ್ರೆ ಬಚ್ಚಲಿಗೆ ಹೋಗು." ನಾನು ಹಟದ ಹೆಂಗಸು. ಸರಿ, ಹಾಗೇ ಆಗಲಿ ಎಂದು ತುಟಿಯನ್ನೂ ಅಲುಗಿಸುವುದು ಬಿಟ್ಟುಬಿಟ್ಟೆ. ನಗು ಉಕ್ಕಿ ಬಂದಾಗ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿ, ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನಾನು ಗುಮಾಸ್ತೆಯಾಗಿದ್ದ ವಿಮಾ ಕಚೇರಿಯಲ್ಲಿ ನನಗೆ ಸಿಡುಕಿ ಎಂಬ ಹೆಸರು ಬಂತು. ದೊಮ್ಮಲೂರಿನ ಫ್ಲೈಓವರ್ ಮುಗಿಯುವುದರೊಳಗೆ ಇವಳ ಮದುವೆ ಮುಗಿಸುತ್ತೇನೆ ಎಂದು ಅಪ್ಪ ಎಲ್ಲರಿಗೂ ಹೇಳುತ್ತಿದ್ದರು. ಆ ಫ್ಲೈಓವರ್ ಎಷ್ಟು ವರ್ಷ ತೆಗೆದುಕೊಂಡಿತು ಎನ್ನುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಅದೂ ಮುಗಿಯಿತು, ನನ್ನ ಮದುವೆ ಆಗಲಿಲ್ಲ.

ಆ ಫ್ಲೈಓವರ್ ಕಂಬಗಳು ಏಳುತ್ತಿದ್ದ ದಿನಗಳಲ್ಲೇ ನಮ್ಮ ಮನೆಯ ಮಹಡಿಯ ಮೇಲಿನ ಕೋಣೆಗೆ ಮಾಸ್ತರು ಬಂದದ್ದು. ದೊಮ್ಮಲೂರಿನ ಹಳೇ ಊರಿನ ಬೀದಿಯಲ್ಲಿ ಅಪ್ಪ ಕಟ್ಟಿಸಿದ ಮನೆ ಅದು. ಮೇಲೆ ಶೀಟು ಹೊದಿಸಿದ ಒಂದೇ ಕೋಣೆ, ಅದರ ಗೋಡೆಗೆ ತಾಗಿದಂತೆ ನೀರಿನ ಟ್ಯಾಂಕು. ಟ್ಯಾಂಕಿನಿಂದ ಕೆಳಗಿನ ಬಚ್ಚಲಿಗೆ ಇಳಿಯುವ ಪೈಪು ಕೋಣೆಯ ಗೋಡೆಯ ಮೇಲೇ ಹಾದು ಹೋಗುತ್ತಿತ್ತು. ಬೇಸಿಗೆಯಲ್ಲಿ ಸೆಕೆ, ರಾತ್ರಿಯೆಲ್ಲ ನೀರಿನ ಗುಳುಗುಳು. ಬಾಡಿಗೆಗೆ ಬಂದವರೆಲ್ಲ ನಾಲ್ಕು ತಿಂಗಳಲ್ಲಿ ಓಡಿಹೋಗುತ್ತಿದ್ದರು. ಇವರು ಒಮ್ಮೆ ಸುತ್ತ ನೋಡಿ ಹೇಳಿದರು, "ಗಾಳಿ ಅದಲ್ರಿ, ಸಾಕು. ನಾ ಹುಟ್ಟಿದಾಗಿಂದ ತಗಡಿನ ಥೇಟರಿನ್ಯಾಗ ಮಲಗಿದಾಂವ."

ಐವತ್ತು ದಾಟಿದ, ತೆಳ್ಳಗಿನ, ಕಿವಿ ಸ್ವಲ್ಪ ದೊಡ್ಡದಿದ್ದ ಮನುಷ್ಯ. ಕಲಬುರಗಿ, ರಾಯಚೂರು ಸೀಮೆಯಲ್ಲಿ ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ಹಾಸ್ಯಪಾತ್ರ ಮಾಡಿ ಮಾಸ್ತರು ಎನಿಸಿಕೊಂಡವರು. ಆ ಕಡೆ ಅವರು ಎಷ್ಟು ಪ್ರಸಿದ್ಧರೆಂದರೆ, ಕಂಪನಿಯ ಪೋಸ್ಟರಿನಲ್ಲಿ ರಾಜನ ಹೆಸರಿಗಿಂತ ಇವರ ಹೆಸರೇ ದಪ್ಪ ಅಕ್ಷರದಲ್ಲಿ ಇರುತ್ತಿತ್ತಂತೆ. ಇದನ್ನು ಅವರು ಹೇಳಿದಾಗ ನಾನು ನಂಬಿರಲಿಲ್ಲ. ಆದರೆ ಒಂದು ಭಾನುವಾರ ಫ್ಲೈಓವರ್ ಕೆಲಸಕ್ಕೆ ಬಂದಿದ್ದ ಆ ಸೀಮೆಯ ಗಾರೆಯವರು ಇಬ್ಬರು ನಮ್ಮ ಗೇಟಿನ ಮುಂದೆ ಇವರನ್ನು ಕಂಡು, ಕೈಯಲ್ಲಿದ್ದ ತರಕಾರಿ ಚೀಲ ಕೆಳಗಿಟ್ಟು ಕಾಲಿಗೆ ಬಿದ್ದರು. ಆಮೇಲೆ ಎದ್ದು ನಿಂತು ಅವರ ಮುಖ ನೋಡಿ, ಅವರು ಏನಾದರೂ ಹೇಳುವ ಮೊದಲೇ, ನಗತೊಡಗಿದರು.

ಹಾಸ್ಯನಟರ ಬದುಕಿನ ಬಗ್ಗೆ ಬರೆಯುವವರೆಲ್ಲ ಹೊರಗೆ ನಗು, ಒಳಗೆ ಅಳು ಎಂದು ಬರೆಯುತ್ತಾರೆ. ಓದಿ ಓದಿ ನನಗೆ ರೋಸಿಹೋಗಿದೆ. ನಮ್ಮ ಮಾಸ್ತರು ಒಳಗೂ ಚೆನ್ನಾಗಿಯೇ ಇದ್ದರು. ಜೋಳದ ರೊಟ್ಟಿ ತಾವೇ ತಟ್ಟಿಕೊಳ್ಳುತ್ತಿದ್ದರು, ಪುಂಡಿಪಲ್ಯ ಮಾಡಿದ ದಿನ ಅಪ್ಪನಿಗೆ ಒಂದು ಬಟ್ಟಲು ಇಳಿದು ಬರುತ್ತಿತ್ತು. ಕಂಪನಿ ಡೇರೆ ಬಿಚ್ಚಿ ಮುಚ್ಚಿಹೋದದ್ದನ್ನೂ ಅವರು ಅಳುಮುಖ ಹಾಕಿಕೊಂಡು ಹೇಳಲಿಲ್ಲ. "ಟಿ.ವಿ. ಮುಂದ ಕುಂತ ಮಂದಿ ಎದ್ದು ಬರಲಿಲ್ರಿ. ಅವರು ಬರಲಿಲ್ಲಂದ್ರ ನಾವ ಟಿ.ವಿ.ಯೊಳಗ ಹೊಕ್ಕರಾತು ಅಂತ ಬಂದೀನಿ" ಎಂದರು. ಅವರಿಗೆ ಇದ್ದದ್ದು ಒಂದೇ ಚಿಂತೆ: ಜನ ನಗಬೇಕು. ನಕ್ಕರೆ ಊಟ ರುಚಿಸುತ್ತಿತ್ತು, ನಗದಿದ್ದರೆ ಇಲ್ಲ.

ಆ ವಿದ್ಯೆಯ ಗುಟ್ಟನ್ನು ಅವರು ನನಗೆ ಹೇಳಿದ್ದು ಮಹಡಿಯ ಮೇಲೆ ನಾನು ಬಟ್ಟೆ ಒಣಹಾಕುತ್ತಿದ್ದಾಗ. "ತಂಗಿ, ನಗಸೂದು ಅಂದ್ರ ಮಾತಾಡೂದಲ್ರಿ. ಮಾತಾಡಿ ಸುಮ್ನ ನಿಂದ್ರೂದು. ನಗೀಗಿ ಜಾಗಾ ಬಿಡಬೇಕು. ಮಂದಿ ನಗತಾರ, ಅದು ಏರತದ, ಇಳೀತದ. ಪೂರಾ ಇಳೀಲಿಕ್ಕೆ ಬಿಡಬಾರದು. ಇನ್ನಾ ಒಂಚೂರು ಉಳದಾಗ ಮುಂದಿನ ಮಾತು ಎತ್ತಬೇಕು." ಅವರ ಗುರುಗಳು ತಮ್ಮ ಹೆಂಡತಿಯನ್ನು ದಿನವೂ ಕೊನೆಯ ಸಾಲಿನಲ್ಲಿ ಕೂರಿಸುತ್ತಿದ್ದರಂತೆ. ನಾಟಕ ನೋಡಲಿಕ್ಕಲ್ಲ, ನಗು ಅಲ್ಲಿಯವರೆಗೆ ಬಂತೋ ಇಲ್ಲವೋ ಎಂದು ಮನೆಗೆ ಬಂದು ಹೇಳಲಿಕ್ಕೆ. ಆಕೆ ಬಂದಿಲ್ಲ ಎಂದ ದಿನ ಗುರುಗಳು ಊಟ ಮಾಡುತ್ತಿರಲಿಲ್ಲ.

ನಮ್ಮ ಮನೆಗೆ ಬಂದ ಆರೇಳು ತಿಂಗಳಿಗೆ ಮಾಸ್ತರಿಗೆ ಒಂದು ಧಾರಾವಾಹಿಯಲ್ಲಿ ಪಾತ್ರ ಸಿಕ್ಕಿತು. ವಾರಕ್ಕೆ ಐದು ದಿನ ಬರುವ ಧಾರಾವಾಹಿ. ಎರಡು ದಿನಕ್ಕೆಂದು ತಂಗಿಯ ಮನೆಗೆ ಬಂದು ಅಲ್ಲೇ ಉಳಿದುಬಿಡುವ ಸೋದರಮಾವನ ಪಾತ್ರ. ಕುಕ್ ಟೌನಿನ ಒಂದು ಹಳೇ ಬಂಗಲೆಯಲ್ಲಿ ಶೂಟಿಂಗ್. ಶಿವಾಜಿನಗರಕ್ಕೆ ಹೋಗಿ ಹಳೇ ಕೋಟು ಒಂದನ್ನು ಆರಿಸಿಕೊಂಡು ಬಂದರು. "ಫಿಟ್ಟಿಂಗ್ ಬರೋಬರ್ ಹೈ ಚಾಚಾ" ಎಂದು ಅಂಗಡಿಯವನು ಆಣೆ ಹಾಕಿದ್ದನಂತೆ. ಅದರೊಳಗೆ ಇನ್ನೊಬ್ಬ ಮಾಸ್ತರು ಹಿಡಿಸುತ್ತಿದ್ದರು. ನಮಗೆಲ್ಲ ಸಂಭ್ರಮ. ಅಪ್ಪನಂತೂ ಕಾರ್ಖಾನೆಯ ಹಳೇ ಗೆಳೆಯರಿಗೆಲ್ಲ ಫೋನು ಮಾಡಿದರು.

ಶೂಟಿಂಗಿನ ಮೂರನೇ ದಿನ ಸಂಜೆ ಮಾಸ್ತರು ರೊಟ್ಟಿ ತಟ್ಟುವ ಸದ್ದು ಕೇಳಲಿಲ್ಲ. ಮೇಲೆ ಹೋಗಿ ನೋಡಿದರೆ ಕೋಟು ಹಾಕಿಕೊಂಡೇ ಕೂತಿದ್ದರು.

"ಅಲ್ಲಿ ಯಾರೂ ನಗಂಗಿಲ್ರಿ ತಂಗಿ. ನಕ್ಕರ ಮೈಕಿನ್ಯಾಗ ಬರತದಂತ. ಕ್ಯಾಮೆರಾದಾಂವ ನಗಂಗಿಲ್ಲ, ಲೈಟ್ ಹಿಡದಾಂವ ನಗಂಗಿಲ್ಲ. ನಾ ಮಾತು ಹೇಳಿ ಜಾಗಾ ಬಿಡತೀನಿ. ಬಿಟ್ಟ ಕೂಡಲೆ ಆ ಅಸಿಸ್ಟೆಂಟ್ ಹುಡುಗಿ, ನಾ ಮರತೀನಿ ಅಂತ ತಿಳದು, ಮುಂದಿನ ಮಾತು ಒದರತಾಳ. ಮೂವತ್ತು ವರ್ಷದಾಗ ಒಂದು ಮಾತು ಮರತಿಲ್ರಿ ನಾ! ನಂಗ ಮಾತು ಹೇಳಿಕೊಡತಾಳ!"

ಇದು ಬೇರೆ ಯಾರೂ ಮಾಡಲಾರದ ತಪ್ಪು. ಹೊಸಬರಾಗಿದ್ದರೆ ಗಡಗಡ ಹೇಳಿ ಮುಗಿಸಿಬಿಡುತ್ತಿದ್ದರು. ಎದುರಿಗೆ ಸಾವಿರ ಜನ ಕೂತು ನಕ್ಕ ಅನುಭವ ಇದ್ದವರಿಗೆ ಮಾತ್ರ, ಇಲ್ಲದ ನಗುವಿಗಾಗಿ ಕಾಯುವುದು ಸಾಧ್ಯ. ನಿರ್ದೇಶಕ ಮರ್ಯಾದಸ್ಥ, ಆದರೆ ದಿನಕ್ಕೆ ಒಂದು ಕಂತು ಮುಗಿಸಬೇಕಾದವನು. ಅವನು ಹೇಳಿದ್ದನ್ನು ಮಾಸ್ತರು ಅವನ ಧಾಟಿಯಲ್ಲೇ ನನಗೆ ಮಾಡಿ ತೋರಿಸಿದರು: "ಸಾರ್, ಒಂದ್ ವಾರ ನೋಡೋಣ. ಗ್ಯಾಪ್ ಕಮ್ಮಿ ಆಗ್ಲಿಲ್ಲ ಅಂದ್ರೆ ಮಾವನ ಕ್ಯಾರೆಕ್ಟರ್‌ನ ಕಾಶಿಗೆ ಕಳಿಸ್ಬಿಡ್ತೀವಿ." ಆ ಧಾರಾವಾಹಿಯಲ್ಲಿ ಅಷ್ಟರಲ್ಲಾಗಲೇ ಒಬ್ಬ ದುಬೈಗೆ ಹೋಗಿದ್ದ, ಒಬ್ಬಳು ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಯಾರೂ ವಾಪಸು ಬಂದಿರಲಿಲ್ಲ. ಕಾಶಿಗೆ ಹೋದರೆ ಮಾಸ್ತರಿಗೆ ಮರಳಲು ಕಂಪನಿಯೂ ಇರಲಿಲ್ಲ.

"ನೀವೊಂದು ಉಪಕಾರ ಮಾಡ್ರಿ" ಎಂದರು. "ದಿನಾ ಸಂಜಿಕೆ ನನ್ನ ಮುಂದ ಕುಂದರ್ರಿ. ನಿಮ್ಮಂಥ ಕಲ್ಲು ಮುಖ ನಾ ಎಲ್ಲೂ ನೋಡಿಲ್ಲ. ರಾಯಚೂರ ಕ್ಯಾಂಪಿನ್ಯಾಗ ಒಬ್ಬ ತಹಸೀಲ್ದಾರ ಇದ್ದ, ಅವನೂ ಮೂರನೇ ದಿನಕ್ಕ ನಕ್ಕಿದ್ದ. ನಿಮ್ಮ ಮುಂದ ನಿಲ್ಲದೆ ಮಾತಾಡಲಿಕ್ಕೆ ಬಂತಂದ್ರ ಕ್ಯಾಮೆರಾದ ಮುಂದ ಬರತದ."

ನನಗೆ ಸಿಟ್ಟು ಬರಬೇಕಿತ್ತು. ಆದರೆ ನನ್ನ ಮುಖದಿಂದ ಯಾರಿಗಾದರೂ ಉಪಯೋಗವಾದದ್ದು ಅದೇ ಮೊದಲು, ಹಾಗಾಗಿ ಒಪ್ಪಿದೆ. ಕಚೇರಿಯಿಂದ ಬಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದೆ. ಕೈಯಲ್ಲಿ ಸ್ಟೀಲ್ ಲೋಟ, ಒಂದು ಚಮಚ. ಮಾಸ್ತರು ಮಾತು ಹೇಳಿ ಸುಮ್ಮನಾದರೆ ನಾನು ಟಣ್ ಎಂದು ಹೊಡೆಯಬೇಕು. ಅವರು ಬೆಚ್ಚಿಬಿದ್ದು ಮುಂದಿನ ಮಾತಿಗೆ ಹಾರಬೇಕು.

"ಎರಡು ದಿನ ಇದ್ದು ಹೋಗ್ತೀನಿ ಅಂದಿದ್ದು ಸುಳ್ಳಲ್ಲ ತಂಗೀ..." ಟಣ್! "ಯಾವ ಎರಡು ದಿನ ಅಂತ ಹೇಳಿರಲಿಲ್ಲ."

ಮೊದಲ ಸಂಜೆ ಬರೀ ಟಣ್ ಟಣ್. ಬೀದಿಯವರು ಐಸ್‌ಕ್ರೀಮ್ ಗಾಡಿ ಬಂತೆಂದು ಹೊರಗೆ ಇಣುಕಿದರು. ಲೋಟ ಹೊಡೆಯುವುದೇನೂ ಕಷ್ಟವಿರಲಿಲ್ಲ. ನಗದೆ ಕೂರುವುದೇ ಕಷ್ಟ. ಧಾರಾವಾಹಿಯ ಮಾತು ಮುಗಿದಮೇಲೆ ಅವರು ಅಭ್ಯಾಸಕ್ಕೆಂದು ಕಂಪನಿ ನಾಟಕದ ಮಾತುಗಳನ್ನೂ ಬಿಡುತ್ತಿದ್ದರು. ಮೂಗಿನಲ್ಲಿ ಗೊರಕೆ ಏಳುವ ಸೂಚನೆ ಸಿಕ್ಕ ಕೂಡಲೇ, "ಒಲೆ ಮೇಲೆ ಹಾಲಿಟ್ಟು ಬಂದಿದೀನಿ" ಎಂದು ನಾನು ಮೆಟ್ಟಿಲಿಳಿದು ಬಚ್ಚಲಿಗೆ ಓಡುತ್ತಿದ್ದೆ. ನಲ್ಲಿ ತಿರುಗಿಸಿ, ನಕ್ಕು, ಮುಖ ತೊಳೆದು, ಮತ್ತೆ ಕಲ್ಲು ಮುಖ ಹೊತ್ತು ಮೇಲೆ ಹೋದರೆ ಮಾಸ್ತರು ಟ್ಯಾಂಕಿನ ಪೈಪಿನ ಮೇಲೆ ಅಂಗೈಯಿಟ್ಟು ನಿಂತಿರುತ್ತಿದ್ದರು. ಸೆಕೆಗೆ ತಂಪಾಗಲೆಂದು ಇರಬೇಕು ಎಂದುಕೊಂಡೆ. ಹಾಲು ಉಕ್ಕಿತೇ ಎಂದು ಕೂಡ ಅವರು ಕೇಳುತ್ತಿರಲಿಲ್ಲ, ಮುಂದಿನ ಮಾತಿಗೆ ಹೋಗುತ್ತಿದ್ದರು.

ಒಂದು ದಿನ ಎತ್ತಿನ ಮಾತು ಹೇಳಿದರು. ನಾಟಕದಲ್ಲಿ ಅವರದು ಜೀತದಾಳಿನ ಪಾತ್ರ. ಜಿಪುಣ ಸಾಹುಕಾರ ಬಂದು, ನನ್ನ ಎತ್ತು ಎಲ್ಲಿ, ಕಳುವಾಯಿತೇ ಎಂದು ಗದರುತ್ತಾನೆ. ಆಳು ಕೈಕಟ್ಟಿ ಹೇಳುತ್ತಾನೆ, "ಕಳುವಾಗಿಲ್ರಿ ಧಣಿ. ಎತ್ತು ರಾಜೀನಾಮಿ ಕೊಟ್ಟದ." ನಾನು ಟಣ್ ಎನ್ನುವುದನ್ನೂ ಮರೆತೆ. "ನಾನೂ ಕೊಡಾಂವ ಇದ್ದೆ. ಅದಕ್ಕ ಸಹಿ ಮಾಡಲಿಕ್ಕೆ ಬರತದ, ನಂಗ ಬರಂಗಿಲ್ಲ. ಅದಕ್ಕ ಉಳದೀನಿ." ಅವತ್ತು ನಾನು ಬಚ್ಚಲಲ್ಲಿ ಎಷ್ಟು ಹೊತ್ತು ಇದ್ದೆನೋ ಗೊತ್ತಿಲ್ಲ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಕಾಲ ಅದು. ಟ್ಯಾಂಕು ಖಾಲಿಯಾಗಿ, ಆಮೇಲೆ ಸ್ನಾನಕ್ಕೆ ಹೋದ ಅಪ್ಪ ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತು ಕೂಗಿದರು. "ನೀರೆಲ್ಲ ಯಾರೇ ಬಿಟ್ಟಿದ್ದು? ಆಕಾಶದಿಂದ ಬೀಳುತ್ತಾ?" ಎಂದು ಅಮ್ಮ ನನ್ನನ್ನು ತರಾಟೆಗೆ ತೆಗೆದುಕೊಂಡರು. ನಾನು ನಗದೆ ನಿಂತಿದ್ದೆ.

ವಾರದ ಕೊನೆಗೆ, ಶನಿವಾರ, ನಾನೂ ಕುಕ್ ಟೌನಿಗೆ ಹೋದೆ. ಬಂಗಲೆಯ ಹಜಾರದಲ್ಲಿ ವೈರುಗಳನ್ನು ದಾಟಿಕೊಂಡು ಒಂದು ಮೂಲೆಯಲ್ಲಿ ನಿಂತೆ. ಮಾಸ್ತರು ಕೋಟಿನೊಳಗೆ ನಿಂತು, ನಾಲ್ಕು ಪುಟದ ಮಾತನ್ನು ಒಂದೇ ಉಸಿರಿಗೆ, ಎಲ್ಲೂ ನಿಲ್ಲದೆ ಹೇಳಿ ಮುಗಿಸಿದರು. ಅಸಿಸ್ಟೆಂಟ್ ಹುಡುಗಿಗೆ ಬಾಯಿ ತೆರೆಯಲು ಜಾಗವೇ ಸಿಗಲಿಲ್ಲ. "ಸೂಪರ್ ಸಾರ್! ಇದೇ ಬೇಕಿತ್ತು ನಂಗೆ" ಎಂದು ನಿರ್ದೇಶಕ ಕೂಗಿದ. ಕಾಶಿಯಾತ್ರೆ ರದ್ದಾಯಿತು. ವರಾಂಡದಲ್ಲಿ ಟೀ ಕುಡಿಯುತ್ತಾ ನಾನು ಹೆಮ್ಮೆಯಿಂದ ಉಬ್ಬಿಹೋದೆ. ಮಾಸ್ತರು ಮಾತ್ರ, "ಛಲೋ ಇತ್ತೇನ್ರಿ?" ಎಂದು ಎರಡು ಸಲ ಕೇಳಿದರು.

ಒಂದು ವರ್ಷದಲ್ಲಿ ಅವರನ್ನು ಬೆಂಗಳೂರು ಗುರುತು ಹಿಡಿಯಿತು. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಅವರು ರಸ್ತೆ ದಾಟಿದರೆ ಬಸ್ಸಿನ ಕಿಟಕಿಯಿಂದ, "ಮಾವಾ, ಯಾವ ಎರಡು ದಿನ?" ಎಂದು ಕೂಗುತ್ತಿದ್ದರು. ಮರ್ಫಿ ಟೌನಿನ ಬಾಡಿಗೆ ಕೋಣೆಗಳಲ್ಲಿ ಇದ್ದ ಅವರ ಸೀಮೆಯವರಿಗೆ, ಗಾರೆಯವರಿಗೆ, ವಾಚ್‌ಮನ್‌ಗಳಿಗೆ, ಮನೆಗೆಲಸದ ಹೆಂಗಸರಿಗೆ, ಹಿಡಿಸಲಾರದಷ್ಟು ಹೆಮ್ಮೆ. ಅವರೇ ಬಂದು ಕೇಳಿದರು: ನಮಗಾಗಿ ಒಂದು ನಾಟಕ ಮಾಡಿ ಮಾಸ್ತರ್. ಹಿಂದೆ ಪಾತ್ರ ಮಾಡಿದವರು ಅವರಲ್ಲೇ ನಾಲ್ಕೈದು ಜನ ಸಿಕ್ಕರು, ಒಬ್ಬನ ಹತ್ತಿರ ಹಾರ್ಮೋನಿಯಂ ಇತ್ತು. ಮರ್ಫಿ ಟೌನಿನಲ್ಲಿ ತಗಡಿನ ಚಾವಣಿಯ ಒಂದು ಸಭಾ ಹಾಲಿನಲ್ಲಿ, ಎಲ್ಲರಿಗೂ ರಜೆ ಇರುವ ಭಾನುವಾರ ಮಧ್ಯಾಹ್ನ ಎಂದು ಗೊತ್ತಾಯಿತು.

ಮಾಸ್ತರು ಹದಿನೈದು ದಿನ ನೆಲದ ಮೇಲೆ ನಡೆಯಲಿಲ್ಲ. "ಇದು ಕೂಡಿ ಬಂತಂದ್ರ ತಿಂಗಳಿಗೊಂದು ಮಾಡೂಣು ತಂಗಿ. ಕೂಡಲಿಲ್ಲಂದ್ರ ಮುಗೀತು, ಇನ್ನ ಸ್ಟೇಜಿನ ಬಣ್ಣ ಮಾರಿಗೆ ಹಚ್ಚಂಗಿಲ್ಲ" ಎಂದರು. ಹಾಗೆಂದಾಗ ಅವರು ತಮಾಷೆ ಮಾಡುತ್ತಿರಲಿಲ್ಲ.

ಅಪ್ಪನಿಗೆ ಆಗಷ್ಟೇ ಹರ್ನಿಯಾ ಆಪರೇಷನ್ ಆಗಿತ್ತು. ಹೊಲಿಗೆ ಬಿಚ್ಚುವವರೆಗೆ ಭಾರ ಎತ್ತಬಾರದು, ಕೆಮ್ಮಬಾರದು, ಜೋರಾಗಿ ನಗಬಾರದು ಎಂದು ಡಾಕ್ಟರು ಹೇಳಿದ್ದರು. ಜೀವಮಾನವೆಲ್ಲ ಹಾಸ್ಯಕ್ಕಾಗಿ ಟೀ ಬಿಟ್ಟು ಓಡಿದ ಮನುಷ್ಯ ಅವತ್ತು ಮಂಚದ ಮೇಲೆ ಕೂತು, ಅಮ್ಮನ ಕಾವಲಿನಲ್ಲಿ, ನನ್ನನ್ನು ಕಳಿಸಿಕೊಟ್ಟರು. "ಹೋಗ್ಬಾಮ್ಮ. ನನ್ನ ಪಾಲಿಂದೂ ನೀನೇ ನಕ್ಕು ಬಾ" ಎಂದರು. ಅಮ್ಮ ನನ್ನ ಕಡೆ ಒಂದು ನೋಟ ಬೀರಿದರು. ಆ ನೋಟದ ಅರ್ಥ ಗೊತ್ತಿತ್ತು: ತುಟಿ ಅಷ್ಟೇ.

ಹಾಲು ತುಂಬಿ, ಕಿಟಕಿಗಳಲ್ಲೂ ಜನ. ನಾನು ನಡುವಿನ ಸಾಲಿನಲ್ಲಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದ ಒಬ್ಬ ಹೆಂಗಸಿನ ಪಕ್ಕ ಕೂತೆ. ಮಾಸ್ತರು ಬಂದ ಕೂಡಲೇ ಸಿಳ್ಳೆ, ಚಪ್ಪಾಳೆ. ಮೊದಲ ಮಾತು ಬಿತ್ತು, ಹಾಲು ಗೊಳ್ಳೆಂದಿತು. ಆದರೆ ಆ ನಗು ಏಳುವಷ್ಟರಲ್ಲೇ ಮಾಸ್ತರು ಎರಡನೇ ಮಾತು ಹೇಳಿಯಾಗಿತ್ತು. ಮೂರನೆಯದೂ ಹೋಯಿತು. "ಏ ಸುಮ್ಕಿರ್ರೋ, ಮುಂದಿಂದು ಕೇಳವಲ್ದು!" ಎಂದು ಹಿಂದಿನಿಂದ ಯಾರೋ ಗದರಿದರು. ಜನ ಒಬ್ಬರನ್ನೊಬ್ಬರು ಸುಮ್ಮನಾಗಿಸತೊಡಗಿದರು. ಬಾಯಿಗೆ ಸೆರಗು ಹಿಡಿದರು, ಟವೆಲು ಹಿಡಿದರು. ಮಾಸ್ತರು ಇನ್ನೂ ಜೋರಾಗಿ, ಇನ್ನೂ ಬೇಗ ಹೇಳಿದರು. ಅರ್ಧ ಗಂಟೆಯಲ್ಲಿ ಹಾಲು ಪೂರ್ತಿ ಸದ್ದಡಗಿತು. ಎಲ್ಲರೂ ಕಣ್ಣರಳಿಸಿ, ಒಂದು ಮಾತೂ ತಪ್ಪಬಾರದೆಂದು, ನಗು ನುಂಗಿಕೊಂಡು ಕೇಳುತ್ತಿದ್ದರು. ಅವರಿಗೆ ಹೀಗೆ ಓಡಲು ಕಲಿಸಿದ ಆ ಟಣ್ ಟಣ್ ಚಮಚ ನನ್ನದೇ ಅಲ್ಲವೇ.

ಮಧ್ಯಂತರದಲ್ಲಿ ಪರದೆಯ ಹಿಂದೆ ಹೋದೆ. ಮಾಸ್ತರು ಬೆಂಚಿನ ಮೇಲೆ ಕೂತಿದ್ದರು. ಬೆವರಿಗೆ ಬಣ್ಣ ಕಿವಿಯವರೆಗೆ ಇಳಿದಿತ್ತು.

"ತಂಗಿ, ನಮ್ಮ ಮಂದೀನೂ ನಗವಲ್ರು. ನಾ ಮುಗದೆ ಕಾಣ್ತದ."

"ಅವ್ರು ನಗ್ತಿದಾರೆ ಮಾಸ್ತರೇ. ನೀವು ಜಾಗ ಬಿಡ್ತಿಲ್ಲ. ಮುಂದಿನ ಮಾತು ತಪ್ಪತ್ತೆ ಅಂತ ನುಂಗ್ಕೋತಿದಾರೆ" ಎಂದೆ.

ಅವರು ನನ್ನನ್ನೇ ನೋಡಿದರು. ತಮ್ಮ ಬಾಯಿಂದಲೇ ಬಂದ ಪಾಠ ಬೇರೆಯವರ ಬಾಯಲ್ಲಿ ವಾಪಸು ಬಂದಿತ್ತು. ಬಹಳ ಸಣ್ಣ ದನಿಯಲ್ಲಿ ಕೇಳಿದರು, "ಬಿಟ್ಟು... ಯಾರೂ ನಗಲಿಲ್ಲಂದ್ರ?"

ಮೂವತ್ತು ವರ್ಷ ಆ ಮನುಷ್ಯನಿಗೆ ಇರದ ಹೆದರಿಕೆ ಅದು. ಅಷ್ಟರಲ್ಲಿ ಗಂಟೆ ಹೊಡೆಯಿತು, ನಾನು ನನ್ನ ಜಾಗಕ್ಕೆ ಬಂದೆ.

ಪರದೆ ಎದ್ದಿತು. ಸಾಹುಕಾರ ಗದರಿದ, ನನ್ನ ಎತ್ತು ಎಲ್ಲಿ, ಕಳುವಾಯಿತೇನು? ಮಾಸ್ತರು ಕೈಕಟ್ಟಿ ಮುಂದೆ ಬಂದರು.

"ಕಳುವಾಗಿಲ್ರಿ ಧಣಿ. ಎತ್ತು ರಾಜೀನಾಮಿ ಕೊಟ್ಟದ."

ನಿಂತರು. ಜಾಗ ಬಿಟ್ಟರು.

ಹಾಲಿನಲ್ಲಿ ಒಂದು ಸದ್ದಿಲ್ಲ. ಅರ್ಧ ಗಂಟೆ ಬಾಯಿ ಮುಚ್ಚಿ ಕೂತು ರೂಢಿಯಾದ ಜನ, ಮುಂದಿನ ಮಾತಿಗಾಗಿ ಕಾದರು. ಮಾಸ್ತರು ಅವರಿಗಾಗಿ ಕಾದರು. ಫ್ಯಾನು ತಿರುಗುವುದು ಕೇಳಿಸುತ್ತಿತ್ತು. ಇನ್ನೊಂದು ಕ್ಷಣವಾದರೆ ಅವರು ಮತ್ತೆ ಓಟಕ್ಕೆ ಬೀಳುತ್ತಾರೆ, ಆಮೇಲೆ ಎಂದೂ ನಿಲ್ಲುವುದಿಲ್ಲ ಎಂದು ನನಗೆ ಖಚಿತವಾಗಿ ಗೊತ್ತಿತ್ತು. ಆ ಕ್ಷಣದಲ್ಲಿ ಬಚ್ಚಲಲ್ಲಿ ಸೋಪು ಹಚ್ಚಿಕೊಂಡು ನಿಂತ ಅಪ್ಪ ನೆನಪಾದರು. ಸಹಿ ಮಾಡುವ ಎತ್ತು ನೆನಪಾಯಿತು. ಗೊರಕೆ ಬಂತು. ಉಸಿರು ಒಳಗೆ ಹೋಯಿತು. ಅಮ್ಮ, ಕೆ.ಆರ್. ಪುರಂ, ಕಚೇರಿ, ಎಲ್ಲರೂ ಹಾಳಾಗಿ ಹೋಗಲಿ ಎಂದು ನಾನು ಬಾಯಿ ಬಿಟ್ಟೆ.

ಕೇಕೆ ಚಾವಣಿಯ ತಗಡಿಗೆ ಹೊಡೆದು ವಾಪಸು ಬಂತು. ಪಕ್ಕದ ಹೆಂಗಸಿನ ಕಾಲ ಮೇಲಿದ್ದ ಕೂಸು ಎದ್ದು ಕೂತಿತು. ಇಡೀ ಹಾಲು ನನ್ನ ಕಡೆ ತಿರುಗಿತು. ಆ ಹೆಂಗಸು ನನ್ನ ಮುಖ ನೋಡಿ, "ಯವ್ವಾ!" ಎಂದು ಸೆರಗು ಬಿಟ್ಟು ನಕ್ಕಳು. ಮುಂದಿನ ಸಾಲು ನಕ್ಕಿತು. ಕಿಟಕಿಯವರು ನಕ್ಕರು. ಅರ್ಧ ಗಂಟೆಯಿಂದ ನುಂಗಿಕೊಂಡದ್ದೆಲ್ಲ ಒಟ್ಟಿಗೇ ಹೊರಗೆ ಬಂತು. ಮಾಸ್ತರು ಕೈಕಟ್ಟಿ ನಿಂತೇ ಇದ್ದರು. ಅದು ಏರಿತು, ಇಳಿಯಿತು, ಇನ್ನೂ ಒಂಚೂರು ಉಳಿದಿತ್ತು. ಆಗ ತಲೆ ಎತ್ತಿ ಹೇಳಿದರು, "ನಾನೂ ಕೊಡಾಂವ ಇದ್ದೆ..."

ಆಮೇಲಿನದ್ದು ಹೇಳಬೇಕಾಗಿಲ್ಲ. ಎರಡು ಗಂಟೆಯ ನಾಟಕ ಮೂರು ಗಂಟೆ ನಡೆಯಿತು. ಹೆಚ್ಚಾದ ಒಂದು ಗಂಟೆ ಪೂರ್ತಿ ನಗುವಿನದು. ಮುಂದಿನ ತಿಂಗಳ ನಾಟಕ ಯಾವುದೆಂದು ಜನ ಅಲ್ಲೇ ಜಗಳವಾಡತೊಡಗಿದರು.

ಆಟೋದಲ್ಲಿ ದೊಮ್ಮಲೂರಿಗೆ ಮರಳುತ್ತಿದ್ದೆವು. ಹಲಸೂರು ದಾಟಿದಮೇಲೆ ಮಾಸ್ತರು ಕೇಳಿದರು, "ಇವತ್ತ ನಳ ಎಲ್ಲಿತ್ರಿ ತಂಗಿ?"

ನಳ ಅಂದರೆ ಅವರ ಕಡೆ ನಲ್ಲಿ; ಯಾವ ನಲ್ಲಿ ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಹೊಳೆದಮೇಲೆ ಎಲ್ಲಿ ಮುಖ ಇಟ್ಟುಕೊಳ್ಳಲಿ ಎನಿಸಿತು.

"ನಿಮಗೆ ಗೊತ್ತಿತ್ತಾ?"

"ಪೈಪು ನನ್ನ ತಲಿದಿಂಬಿನ ಬಾಜೂಕ ಅದಲ್ರಿ. ಬಂದ ಎರಡನೇ ವಾರಕ್ಕ ಗೊತ್ತಾತು. ನಾ ನಿಮ್ಮಪ್ಪಗ ಏನರ ತಮಾಷಿ ಹೇಳತಿದ್ದೆ, ನೀವು ಮಾರಿ ಬಿಗದು ಒಳಗ ಹೋಗತಿದ್ದಿರಿ, ಹೋದ ಕೂಡಲೆ ಪೈಪು ಗುಳುಗುಳು. ಸಣ್ಣ ಮಾತಿಗೆ ಸಣ್ಣ ನೀರು, ದೊಡ್ಡ ಮಾತಿಗೆ ದೊಡ್ಡದು."

"ಮತ್ತೆ ಕಲ್ಲು ಮುಖ ಅಂತ ನನ್ನ ಕೂರ್ಸಿದ್ದು?"

"ಖರೇನ ನಗದವರ ಮುಂದ ನಿಂದ್ರೂ ಧೈರ್ಯ ನಂಗ ಎಲ್ಲಿ ಅದರಿ?" ಎಂದರು ಮಾಸ್ತರು. "ಆ ವಾರ ಎಲ್ಲಾ ಕಡೆ ನಗೀ ಜಾಗಾ ಮುಚ್ಚಿತ್ತು. ನೀವು ಹಾಲು ಅಂತ ಕೆಳಗ ಓಡತಿದ್ದಿರಿ, ನಾ ಪೈಪಿನ ಮ್ಯಾಲ ಕೈ ಇಟ್ಟು ನಿಂದರತಿದ್ದೆ. ಅಷ್ಟ ಇತ್ತು ನಂಗ. ಎತ್ತಿನ ಮಾತಿಗೆ ಟ್ಯಾಂಕ್ ಖಾಲಿ ಆತಲ್ಲ, ಅವತ್ತ ಎರಡು ರೊಟ್ಟಿ ಹೆಚ್ಚಿಗಿ ಉಂಡೀನಿ."

ನಾನು ರಸ್ತೆಯ ಕಡೆ ನೋಡುತ್ತಾ ಕೂತೆ. ಕಣ್ಣಲ್ಲಿ ನೀರು ಬಂದದ್ದು ಹೊಗೆಗಲ್ಲ ಎಂದು ಈಗ ಹೇಳಿಬಿಡುತ್ತೇನೆ.

ಮನೆಗೆ ಬಂದಾಗ ಅಪ್ಪ ಹೊಟ್ಟೆಯ ಮೇಲೆ ದಿಂಬು ಒತ್ತಿಕೊಂಡು ಬಾಗಿಲಲ್ಲೇ ನಿಂತಿದ್ದರು. "ಹೇಗಿತ್ತೇ? ಒಂದೇ ಒಂದು ಹೇಳು, ಸಣ್ಣದು" ಎಂದರು. ಎತ್ತು ರಾಜೀನಾಮೆ ಕೊಟ್ಟಿತು ಎಂದು ನಾನು ಶುರು ಮಾಡಿದೆ, ಮುಗಿಸಲು ಆಗಲಿಲ್ಲ. ಗೊರಕೆ ಬಂತು. ಕಾಲು ರೂಢಿಯಂತೆ ಬಚ್ಚಲ ಕಡೆ ಎರಡು ಹೆಜ್ಜೆ ಇಟ್ಟಿತು, ಆಮೇಲೆ ಅಲ್ಲೇ ನಿಂತಿತು. ನಡುಮನೆಯಲ್ಲೇ, ದೀಪದ ಕೆಳಗೆ, ಅಮ್ಮನ ಕಣ್ಣೆದುರಿಗೇ ನಾನು ನಕ್ಕೆ. ಅಪ್ಪ "ಹೊಲಿಗೆ, ಹೊಲಿಗೆ!" ಎಂದು ಕೂಗುತ್ತಾ ದಿಂಬಿಗೆ ಮುಖ ಒತ್ತಿ ನಕ್ಕರು. ಅಮ್ಮ ನಮ್ಮಿಬ್ಬರನ್ನೂ ನೋಡಿದರು, ಇನ್ನೊಂದು ದಿಂಬು ತಂದು ಅಪ್ಪನ ಹೊಟ್ಟೆಗೆ ಒತ್ತಿ ಹಿಡಿದರು. ಮಹಡಿಯ ಮೇಲೆ ಮಾಸ್ತರು ರೊಟ್ಟಿ ತಟ್ಟುವ ಸದ್ದು ಕೇಳಿಸತೊಡಗಿತು.